ಬಿ.ಎಚ್. ರೋಡ್ ಹಿಡ್ಕೊಂಡು ಹೋದ್ರೆ ಸಮುದ್ರಾನೇ ಸಿಗುತ್ತೆ

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಅಣ್ಣಾ ನಮಸ್ಕಾರ. ನಾವು ತುಮಕೂರು ಎಸ್.ಎಸ್. ಪುರಂನೋರು. ಈ ನವೆಂಬರ್‌ಗೆ ನಮ್ಮ ಮದ್ವೆಯಾಗಿ 25 ವರ್ಷ ತುಂಬುತ್ತೆ, ಮಗಳು ಬೆಂಗಳೂರಲ್ಲಿ ಪಿಜಿಲಿದ್ದಾಳೆ, ಮನೇಲಿ ಈಗ ನಾವಿಬ್ರೇ. ನಮ್ಮ ಯಜಮಾನ್ರು ರಾತ್ರಿಯೆಲ್ಲಾ ಮೊಬೈಲಲ್ಲಿ ಕ್ಯಾಂಪರ್ ವ್ಯಾನ್ (ಒಳಗೇ ಮಲಗೋಕೆ, ಅಡುಗೆಗೆ ಜಾಗ ಇರೋ ಗಾಡಿ) ವಿಡಿಯೋ ನೋಡಿ ನೋಡಿ, ಒಂದು ವ್ಯಾನ್ ಬಾಡಿಗೆಗೆ ತಗೊಂಡು ಎಂಟು ದಿನದಲ್ಲಿ ಮಡಿಕೇರಿ, ವಯನಾಡು, ಊಟಿ, ಕೊಡೈಕೆನಾಲ್, ಮುನ್ನಾರ್ ಎಲ್ಲಾ ಮುಗಿಸ್ಕೊಂಡು ಬಂದ್ಬಿಡೋಣ ಅಂತ ಹಟ ಹಿಡಿದು ಕೂತಿದ್ದಾರೆ. ನನಗೂ ಆಸೆ ಇಲ್ಲ ಅಂತಲ್ಲ, ಆದ್ರೆ ರಾತ್ರಿ ಎಲ್ಲಿ ನಿಲ್ಲಿಸೋದು, ಬಾತ್‌ರೂಮಿಗೇನು ಮಾಡೋದು, ಅಲ್ಲಿ ಹೋಗಿನೂ ನಾನೇ ಒಗ್ಗರಣೆ ಹಾಕ್ಬೇಕಾ ಅಂತ ಯೋಚ್ನೆ. ಒಂದು ದಾರಿ ತೋರ್ಸಿ.

ಉತ್ತರ: ಅಕ್ಕಾ, ಮೊದ್ಲು ನಿಮ್ಮ ಯಜಮಾನ್ರ ಪಟ್ಟಿ ನೋಡೋಣ. ಮಡಿಕೇರಿಯಿಂದ ಮುನ್ನಾರ್‌ವರೆಗೆ ಹೋಗಿ ವಾಪಸ್ ತುಮಕೂರು ಸೇರೋಷ್ಟ್ರಲ್ಲಿ ಸಾವಿರದ ಮುನ್ನೂರು ಕಿಮೀ ದಾಟುತ್ತೆ, ಅದ್ರಲ್ಲಿ ಘಾಟಿಗಳೂ ಬೇಕಾದಷ್ಟು, ವ್ಯಾನು ಘಾಟಿಲಿ ಗಂಟೆಗೆ ಮೂವತ್ತು ಹೋದ್ರೆ ಹೆಚ್ಚು. ಅಂದ್ರೆ ಎಂಟು ದಿನಾನೂ ಅವ್ರು ಸ್ಟೀರಿಂಗ್ ಹಿಡ್ಕೊಂಡು, ನೀವು ಪಕ್ಕದಲ್ಲಿ ವಾಂತಿ ಬರದೇ ಇರ್ಲಿ ಅಂತ ನಿಂಬೆಹಣ್ಣು ಮೂಸ್ಕೊಂಡು. ಅದ್ರ ಮೇಲೆ ಊಟಿಗೂ ಕೊಡೈಕೆನಾಲ್‌ಗೂ 2024ರ ಮೇ ತಿಂಗಳಿಂದ ಇ-ಪಾಸ್ ಬೇಕು, ಮದ್ರಾಸ್ ಹೈಕೋರ್ಟ್ ಆರ್ಡರು, ಜೊತೆಗೆ ಬಾಡಿಗೆ ಗಾಡಿ ಆದ್ರೆ ಬೇರೆ ರಾಜ್ಯಕ್ಕೆ ಪರ್ಮಿಟ್ಟು ತೆರಿಗೆ ಏನು ಅಂತಾನೂ ವಿಚಾರಿಸ್ಕೋಬೇಕು. ಬೇಡ ಬಿಡಿ. ವ್ಯಾನ್ ತಗೊಳ್ಳೋದು ಬೇಕಾದ ಕಡೆ ನಿಲ್ಲೋಕೆ, ಇಷ್ಟೆಲ್ಲಾ ಓಡ್ಬೇಕಂದ್ರೆ ಕಾರು ಸಾಕು, ರಾತ್ರಿ ಲಾಡ್ಜು.

ನಿಮ್ಮನೆಯಿಂದ ಆಚೆ ಬಂದ್ರೆ ಬಿ.ಎಚ್. ರೋಡ್ ಇದ್ಯಲ್ಲ, ದಿನಾ ಅದ್ರಲ್ಲೇ ತರಕಾರಿಗೆ ಹೋಗ್ತೀರ, ಅದ್ರ ಪೂರ್ತಿ ಹೆಸರು ಏನು ಹೇಳಿ? ಬೆಂಗಳೂರು–ಹೊನ್ನಾವರ ರೋಡ್. ತಿಪಟೂರಲ್ಲೂ ಬಿ.ಎಚ್. ರೋಡ್ ಅಂತಾರೆ, ಶಿವಮೊಗ್ಗದಲ್ಲೂ ಬಿ.ಎಚ್. ರೋಡೇ, ಎಲ್ಲಾ ಅದೇ ರಸ್ತೆ. ನಾವು ತುಮಕೂರಿನೋರು ಹುಟ್ಟಿದಾಗಿಂದ ಆ ಬೋರ್ಡ್ ಓದ್ತಾ ಇದೀವಿ, ಅದ್ರ ಆ ಕೊನೆ ನೋಡಿರೋರು ಎಷ್ಟು ಜನ? ಹೋದ ವರ್ಷದ ಹಿಂದಿನ ವರ್ಷ ನಾನೂ ನಮ್ಮನೆಯವ್ರೂ ಅದನ್ನೇ ಮಾಡಿದ್ವಿ, ರೋಡ್ ಮುಗಿಯೋವರೆಗೂ ಹೋಗೋದು, ಸಮುದ್ರದಲ್ಲಿ ಕಾಲು ತೊಳ್ಕೊಂಡು ಬರೋದು ಅಂತ. ಹೊನ್ನಾವರಕ್ಕೆ ನಾನೂರು ಕಿಮೀ ಒಳಗೇ ಇದೆ. ಬಯಲುಸೀಮೆ ತೆಂಗಿನ ತೋಟದಿಂದ ಶುರುವಾಗಿ, ಅಡಿಕೆ ತೋಟ ಆಗಿ, ಕಾಡಾಗಿ, ಘಾಟಿ ಇಳಿದು ಕಡಲು. ತಾಳಗುಪ್ಪದ ತನಕ ರೈಲು ಹಳೀನೂ ಅಲ್ಲಲ್ಲಿ ಜೊತೆಗೇ ಬರುತ್ತೆ.

ಎಂಟು ದಿನ ಇದಕ್ಕೆ ಸರಿಯಾಗಿ ಸಾಲುತ್ತೆ. ಮೊದಲ್ನೇ ದಿನ ಅರಸೀಕೆರೆ ಸಾಕು, ನೂರು ಕಿಮೀ ಅಷ್ಟೇ, ಬೆಳಿಗ್ಗೆ ಮನೇಲೇ ತಿಂಡಿ ತಿಂದು ಹತ್ತು ಗಂಟೆಗೆ ಹೊರಡಿ (ಕ್ಯಾತ್ಸಂದ್ರದ ತಟ್ಟೆ ಇಡ್ಲಿ ತಿಂದೇ ಹೋಗ್ಬೇಕು ಅಂತ ಅವ್ರು ಹೇಳಿದ್ರೆ ಅದು ಉಲ್ಟಾ ದಿಕ್ಕು, ಆದ್ರೂ ನಾನು ಬೇಡ ಅನ್ನಲ್ಲ). ಅರಸೀಕೆರೆಲಿ ಶಿವಾಲಯ ಅಂತ 1220ರ ಹೊಯ್ಸಳರ ಗುಡಿ ಇದೆ, ಅದ್ರ ಮುಂದಿನ ಮಂಟಪ ನಕ್ಷತ್ರದ ತರ ಕಟ್ಟಿದ್ದಾರೆ, ಸಂಜೆ ಬಿಸಿಲಲ್ಲಿ ನೋಡ್ಬೇಕು. ಬೇಲೂರು ಹಳೇಬೀಡಿಗೆ ಬಸ್ಸುಗಟ್ಲೆ ಜನ ಹೋಗ್ತಾರೆ, ಇಲ್ಲಿ ನಾವಿಬ್ರು, ಒಬ್ರು ಪೂಜಾರ್ರು, ಒಂದು ನಾಯಿ. ಮಾರನೇ ದಿನ ಹಾರನಹಳ್ಳಿ ಗುಡಿಗಳನ್ನ ನೋಡ್ಕೊಂಡು ಕಡೂರು ಬೀರೂರು ದಾಟಿ ತರೀಕೆರೆ. ಅಲ್ಲಿಂದ ಹತ್ತು ಕಿಮೀ ಒಳಗೆ ಅಮೃತಾಪುರದ ಗುಡಿ, 1196ರಲ್ಲಿ ಎರಡನೇ ವೀರಬಲ್ಲಾಳನ ಕಾಲದಲ್ಲಿ ಕಟ್ಟಿದ್ದು, ಕಂಬಗಳು ಎಷ್ಟು ನುಣುಪು ಅಂದ್ರೆ ನಮ್ಮನೆಯವ್ರು ಅದ್ರಲ್ಲಿ ಮುಖ ನೋಡ್ಕೊಂಡು ಕುಂಕುಮ ಸರಿ ಮಾಡ್ಕೊಂಡ್ರು. ಮೂರನೇ ದಿನ ಬೆಳಿಗ್ಗೆ ಬೇಗ ಎದ್ರೆ ಶಿವಮೊಗ್ಗದ ಹತ್ರ ಸಕ್ರೆಬೈಲಲ್ಲಿ ಆನೆ ಸ್ನಾನ ಸಿಗುತ್ತೆ, ಅದು ಬೆಳಗಿನ ಹೊತ್ತಲ್ಲಿ ಮಾತ್ರ, ಆಮೇಲೆ ಸಾಗರ.

ಸಾಗರದಲ್ಲಿ ಅವಸರ ಮಾಡ್ಬೇಡಿ. ಇಕ್ಕೇರಿ ಅಘೋರೇಶ್ವರ, ಕೆಳದಿ, ಎರಡೂ ಊರಿಂದ ಹತ್ತು ಕಿಮೀ ಒಳಗೆ. ಸಿಗಂದೂರಿಗೆ ಹೋಗ್ಬೇಕು ಅನ್ಸಿದ್ರೆ ಈಗ ಲಾಂಚಿಗೆ ಕಾಯೋದಿಲ್ಲ, ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈನಲ್ಲಿ ಶುರುವಾಯ್ತು, ಶರಾವತಿ ಹಿನ್ನೀರಿನ ಮೇಲೆ ಎರಡು ಕಿಮೀಗೂ ಜಾಸ್ತಿ ಉದ್ದ, ಅದ್ರಲ್ಲಿ ಒಂದು ಭಾಗ ತಂತಿಗಳಲ್ಲಿ ಹಿಡಿದಿರೋ ಸೇತುವೆ, ಆದ್ರೆ ದಯವಿಟ್ಟು ಅದ್ರ ಮಧ್ಯ ಗಾಡಿ ನಿಲ್ಸಿ ಸೆಲ್ಫಿ ತಗೋಬೇಡಿ. ನಾಲ್ಕನೇ ರಾತ್ರಿ ಜೋಗ. ನವೆಂಬರ್ ಅಂದ್ರೆ ಜುಲೈ ಆಗಸ್ಟಿನ ಆರ್ಭಟ ಇರಲ್ಲ ಅಂತ ಈಗ್ಲೇ ಹೇಳ್ಬಿಡ್ತೀನಿ, ಆಮೇಲೆ ನನ್ನ ಬೈಬೇಡಿ. 1964ರಲ್ಲಿ ಲಿಂಗನಮಕ್ಕಿ ಡ್ಯಾಮ್ ಆದ್ಮೇಲೆ ಎಷ್ಟು ನೀರು ಬಿಡ್ತಾರೋ ಅಷ್ಟು ಜೋಗ. ಆದ್ರೆ ಮಳೆಗಾಲದಲ್ಲಿ ಮಂಜು ಮುಚ್ಕೊಂಡು ಗಂಟೆಗಟ್ಲೆ ಏನೂ ಕಾಣಲ್ಲ, ನವೆಂಬರಲ್ಲಿ ರಾಜಾ, ರಾಣಿ, ರೋರರ್, ರಾಕೆಟ್ ನಾಲ್ಕೂ ಬೇರೆ ಬೇರೆ ಕಾಣುತ್ತೆ, 253 ಮೀಟರ್ ಬಂಡೆ ಪೂರ್ತಿ ಕಾಣುತ್ತೆ, ಘಾಟಿಲಿ ಗುಡ್ಡ ಕುಸಿಯೋ ಭಯಾನೂ ಕಮ್ಮಿ. ವ್ಯಾನಿಗೆ ಅದೇ ಒಳ್ಳೇ ಕಾಲ.

ಐದನೇ ದಿನ ಮಾವಿನಗುಂಡಿ ಮೇಲೆ ಗೇರುಸೊಪ್ಪೆ ಘಾಟಿ. ಅರವತ್ತು ಕಿಮೀಗೆ ಅರ್ಧ ದಿನ ಇಟ್ಕೊಳ್ಳಿ. ಇಳಿಯೋವಾಗ ಬ್ರೇಕ್ ಮೇಲೇ ಕಾಲಿಟ್ಕೊಂಡು ಹೋಗ್ಬಾರ್ದು, ಬಿಸಿಯಾಗಿ ಬ್ರೇಕ್ ಹಿಡಿಯೋದೇ ನಿಂತೋಗುತ್ತೆ, ಯಾವ ಗೇರಲ್ಲಿ ಹತ್ತೋಕಾಗುತ್ತೋ ಅದೇ ಗೇರಲ್ಲಿ ಇಳೀಬೇಕು ಅಂತ ಲಾರಿಯೋರು ಹೇಳೋದು. ಅದು ಸಿಂಗಳೀಕಗಳ ಕಾಡು, ರಸ್ತೆಗೆ ಬಂದ್ರೆ ಬಾಳೆಹಣ್ಣು ಕೊಡೋದು, ಚಿಪ್ಸ್ ಎಸೆಯೋದು ಬೇಡ. ಕೆಳಗೆ ಇಳಿದ್ರೆ ಶರಾವತಿ ಅಗಲವಾಗಿ ಜೊತೆಗೇ ಬರ್ತಾಳೆ, ಹೊನ್ನಾವರದ ತನಕ. ಅಲ್ಲಿ ಎರಡು ರಾತ್ರಿ ಇರಿ. ಕಾಸರಕೋಡು ಬೀಚಿಗೆ 2020ರಿಂದ ಬ್ಲೂ ಫ್ಲ್ಯಾಗ್ ಇದೆ, ಅಂದ್ರೆ ಸ್ನಾನ ಮಾಡೋಕೆ ಬಟ್ಟೆ ಬದಲಾಯಿಸೋಕೆ ಸರಿಯಾದ ವ್ಯವಸ್ಥೆ ಇದೆ, ನಿಮ್ಮ ಬಾತ್‌ರೂಮ್ ಪ್ರಶ್ನೆಗೂ ಅರ್ಧ ಉತ್ತರ ಅದು. ಸಂಜೆ ಅಪ್ಸರಕೊಂಡ ಜಲಪಾತ. ಏಳನೇ ದಿನ ವಾಪಸ್ ಶಿವಮೊಗ್ಗ, ಎಂಟನೇ ದಿನ ಮನೆ. ಪಕ್ಕದ ಊರು ಗುಡಿ ಸುತ್ತಾಟ ಎಲ್ಲಾ ಸೇರಿ ಒಂಬೈನೂರು ಕಿಮೀ ಆಗ್ಬೋದು, ಲೀಟರಿಗೆ ಹತ್ತು ಕೊಟ್ರೆ ತೊಂಬತ್ತು ಲೀಟರ್ ಡೀಸೆಲ್, ಲೆಕ್ಕ ನೀವೇ ಹಾಕ್ಕೊಳ್ಳಿ.

ಇನ್ನು ರಾತ್ರಿ ನಿಲ್ಲೋದು. ವಿಡಿಯೋದಲ್ಲಿ ತೋರಿಸೋ ತರ ಕಾಡಂಚಲ್ಲಿ, ಹೊಳೆ ಪಕ್ಕ ಒಬ್ರೇ ನಿಲ್ಸೋದು ನಮ್ಮಲ್ಲಿ ಆಗಲ್ಲ ಅಕ್ಕ, ಅರಣ್ಯದಲ್ಲಿ ಒಪ್ಪಿಗೆ ಇಲ್ದೆ ರಾತ್ರಿ ನಿಂತು ಒಲೆ ಹಚ್ಚಿದ್ರೆ ಕೇಸು ಹಾಕ್ತಾರೆ, ಹಾಕ್ಲೂಬೇಕು. ನಾವು ಮಾಡಿದ್ದು ಇಷ್ಟೇ, ಸಂಜೆ ಐದಕ್ಕೆ ಮುಂಚೆ ಊರು ಸೇರೋದು, ಹೋಮ್‌ಸ್ಟೇಯೋ ಸಣ್ಣ ಲಾಡ್ಜೋ ನೋಡಿ "ರೂಮ್ ಬೇಡ, ನಿಮ್ಮ ಕಾಂಪೌಂಡಲ್ಲಿ ಗಾಡಿ ನಿಲ್ಲಿಸ್ತೀವಿ, ಬಾತ್‌ರೂಮು ಒಂದು ಪ್ಲಗ್ ಪಾಯಿಂಟು ಕೊಡಿ, ಇಷ್ಟು ದುಡ್ಡು ತಗೊಳ್ಳಿ" ಅಂತ ಕೇಳೋದು. ಮೊದ್ಲು ವಿಚಿತ್ರವಾಗಿ ನೋಡ್ತಾರೆ, ಆಮೇಲೆ ಮನೆ ಮಕ್ಕಳೆಲ್ಲಾ ಬಂದು ವ್ಯಾನ್ ಒಳಗೆ ಹತ್ತಿ ಇಳಿದು ನೋಡಿ, ಕೊನೆಗೆ ಮನೆಯೋರೇ ಊಟಕ್ಕೆ ಕರೀತಾರೆ. ಸಾಗರದ ಹತ್ರ ಒಂದು ಮನೇಲಿ ಅಪ್ಪೆಹುಳಿ (ಮಾವಿನಕಾಯಿ ಹುಳಿಯ ತಿಳಿಸಾರು) ಕೊಟ್ರು, ನಾನು ಮೂರು ಲೋಟ ಕುಡಿದು ವ್ಯಾನಿಗೆ ಬಂದು ಬಿದ್ದೋನು ಬೆಳಿಗ್ಗೆ ತನಕ ಎದ್ದಿಲ್ಲ. ಏನೂ ಸಿಗದಿದ್ರೆ ಇಪ್ಪತ್ನಾಲ್ಕು ಗಂಟೆ ತೆಗೆದಿರೋ ಪೆಟ್ರೋಲ್ ಬಂಕು, ಮ್ಯಾನೇಜರನ್ನ ಕೇಳಿ. ವ್ಯಾನಲ್ಲಿರೋ ಡಬ್ಬಿ ಟಾಯ್ಲೆಟ್ ರಾತ್ರಿ ಅರ್ಜೆಂಟಿಗೆ ಮಾತ್ರ ಇಟ್ಕೊಳ್ಳಿ, ಅದನ್ನ ಖಾಲಿ ಮಾಡೋದು ಯಾವ್ದಾದ್ರೂ ಟಾಯ್ಲೆಟ್ಟಲ್ಲೇ, ಹೊಳೆಗೆ ಕೆರೆಗೆ ಸುರಿಯೋ ಬುದ್ಧಿ ಬೇಡ. ಹಾಂ, ಖಾಲಿ ಮಾಡೋ ಕೆಲ್ಸ ಯಜಮಾನ್ರದ್ದು ಅಂತ ಹೊರಡೋ ಮುಂಚೆನೇ ಮಾತಾಗ್ಲಿ.

ಅಡುಗೆ ವಿಷ್ಯ. ನನ್ನ ಕೇಳಿದ್ರೆ ವ್ಯಾನಲ್ಲಿ ಕಾಫಿ ಟೀ ಬಿಟ್ಟು ಏನೂ ಬೇಡ. ಬೆಳಿಗ್ಗೆ ಅವಲಕ್ಕಿ ಮೊಸರು ಅಥವಾ ಹುರಿಹಿಟ್ಟು, ಮಧ್ಯಾಹ್ನ ರಾತ್ರಿ ಊರ ಹೋಟ್ಲು. ಇಪ್ಪತ್ತೈದು ವರ್ಷ ಮಾಡಿದ್ದನ್ನೇ ಆರಡಿ ಜಾಗದಲ್ಲಿ ಸೊಂಟ ಬಗ್ಗಿಸಿ ಮಾಡೋಕೆ ಅಷ್ಟು ದುಡ್ಡು ಕೊಟ್ಟು ಹೋಗ್ಬೇಕಾ? ಮನೆ ಸಿಲಿಂಡರ್ ಗಾಡಿಗೆ ಹಾಕೋ ಹಾಗಿಲ್ಲ, ಐದು ಕೆಜಿದು ಸಿಗುತ್ತೆ, ಅದನ್ನೂ ಗಾಡಿ ಓಡೋವಾಗ ರೆಗ್ಯುಲೇಟರ್ ಬಿಚ್ಚಿ ಇಡ್ಬೇಕು. ಕಿಟಕಿ ಮುಚ್ಕೊಂಡು ಒಲೆ ಉರಿಸೋದು, ಚಳಿ ಅಂತ ಇಂಜಿನ್ ಆನ್ ಮಾಡ್ಕೊಂಡು ಮಲಗೋದು ಬೇಡ್ವೇ ಬೇಡ, ಕಾರ್ಬನ್ ಮಾನಾಕ್ಸೈಡಿಗೆ ವಾಸ್ನೇನೇ ಇಲ್ಲ, ನಿದ್ದೇಲೇ ಹೋಗ್ಬಿಡ್ತಾರೆ.

ಗಾಡಿ ತಗೊಳ್ಳೋವಾಗ ನಂಬರ್ ಪ್ಲೇಟ್ ನೋಡಿ. ನೀವೇ ಓಡ್ಸೋ ಬಾಡಿಗೆ ಗಾಡಿಗೆ ಕಪ್ಪು ಪ್ಲೇಟಲ್ಲಿ ಹಳದಿ ಅಕ್ಷರ ಇರ್ಬೇಕು, ಬಿಳಿ ಪ್ಲೇಟಿನ ಸ್ವಂತ ಗಾಡಿ ಕಮ್ಮಿ ರೇಟಿಗೆ ಕೊಡ್ತೀನಿ ಅಂದ್ರೆ ಏನಾದ್ರೂ ಆದಾಗ ಇನ್ಶೂರೆನ್ಸು ಕೈ ಬಿಡುತ್ತೆ. ತಗೊಳ್ಳೋವಾಗ ಸುತ್ತ ಒಂದು ವಿಡಿಯೋ ಮಾಡಿ. ನಾವು ಮಾಡಿರ್ಲಿಲ್ಲ, ವಾಪಸ್ ಕೊಟ್ಟಾಗ ಹಳೇ ಗೀರು ತೋರ್ಸಿ ಡೆಪಾಸಿಟ್ಟಲ್ಲಿ ಮುರ್ಕೊಂಡ್ರು. ಗಾಡಿ ಎತ್ತರ ಟೇಪ್ ಹಿಡಿದು ಅಳೆದು ಚೀಟಿ ಬರೆದು ಡ್ಯಾಶ್‌ಬೋರ್ಡಿಗೆ ಅಂಟಿಸಿ, ಮೇಲಿನ ಸೋಲಾರು ಫ್ಯಾನು ಸೇರಿ ಒಂಬತ್ತು ಅಡಿ ಹತ್ರ ಬರುತ್ತೆ. ನಾನು ಮ್ಯಾಪ್ ಹೇಳ್ದಂಗೆ ಒಂದು ಒಳದಾರಿಗೆ ನುಗ್ಗಿ ರೈಲ್ವೆ ಅಂಡರ್‌ಪಾಸಿನ ಕಬ್ಬಿಣದ ತೊಲೆ ಮುಂದೆ ನಿಂತು, ಹಿಂದೆ ಒಂದು ಕೊಬ್ರಿ ಟೆಂಪೋ, ಅದ್ರ ಹಿಂದೆ ಸ್ಕೂಲ್ ಬಸ್ಸು, ಎಲ್ರೂ ರಿವರ್ಸ್ ಹೋಗೋಷ್ಟ್ರಲ್ಲಿ ನನ್ನ ಮಾನ ಹರಾಜಾಗಿತ್ತು. ನಮ್ಮನೆಯವ್ರು ಇವತ್ತಿಗೂ ನೆಂಟರ ಮುಂದೆ ಅದನ್ನೇ ಹೇಳೋದು, ಜೋಗದ ಬಗ್ಗೆ ಒಂದು ಮಾತಿಲ್ಲ.

ಎಸಿ ನಂಬ್ಕೊಂಡು ಹೋಗ್ಬೇಡಿ. 12 ವೋಲ್ಟಿನ ನೂರು ಆಂಪಿಯರ್-ಅವರ್ ಬ್ಯಾಟ್ರಿ ಅಂದ್ರೆ 1200 ವಾಟ್-ಅವರ್, ಹಳೇ ತರದ ಆಸಿಡ್ ಬ್ಯಾಟ್ರಿ ಆದ್ರೆ ಅದ್ರಲ್ಲಿ ಅರ್ಧ ಮಾತ್ರ ಬಳಸ್ಬೇಕು. ಫ್ಯಾನು, ಲೈಟು, ಮೊಬೈಲ್ ಚಾರ್ಜಿಗೆ ರಾತ್ರಿಯೆಲ್ಲಾ ಆರಾಮು, ಎಸಿ ಹಾಕಿದ್ರೆ ಒಂದು ಗಂಟೆನೂ ಬರಲ್ಲ. ನವೆಂಬರಲ್ಲಿ ಸೊಳ್ಳೆ ಪರದೆ ಸಾಕು.

ಒಂದು ಕೊನೇ ಮಾತು, ಹೊರಡೋ ಹಿಂದಿನ ವಾರ ಒಂದು ರಾತ್ರಿಗೆ ಗಾಡಿ ಸಿಕ್ರೆ ದೇವರಾಯನದುರ್ಗದ ಕಡೆ ಯಾರಾದ್ರೂ ಪರಿಚಯದೋರ ತೋಟದಲ್ಲಿ ನಿಲ್ಸಿ ಮಲಗಿ ನೋಡಿ. ಗೊರಕೆ ತಡ್ಕೊಳ್ಳೋಕಾಗುತ್ತಾ, ಯಾರಿಗೆ ಯಾವ ಕಡೆ ಬೇಕು, ಎಲ್ಲಾ ಗೊತ್ತಾಗೋದು ಆಗ್ಲೇ. ಸರಿ ಬರ್ಲಿಲ್ಲ ಅಂದ್ರೆ ಮನೆ ಹದಿನೈದು ಕಿಮೀ.

ಪ್ರಶ್ನೆ: ನಾನು ಕೋಲಾರದೋನು, ರಿಟೈರ್ಡ್ ಮೇಷ್ಟ್ರು. ನನ್ನ ಹಳೇ ಓಮ್ನಿಯ ಹಿಂದಿನ ಸೀಟು ಕಿತ್ತು ಮಂಚ ಹಾಕಿಸಿ ನಾವಿಬ್ರೂ ತಿರುಗೋಣ ಅಂತಿದೀನಿ. ತಪ್ಪಾ?

ಉತ್ತರ: ಆಸೆ ತಪ್ಪಲ್ಲ ಮೇಷ್ಟ್ರೇ, ಸೀಟು ಕೀಳೋದು ತಪ್ಪಾಗ್ಬೋದು. ಆರ್‌ಸಿಲಿ ಬರೆದಿರೋದಕ್ಕೂ ಗಾಡಿಗೂ ಹೊಂದ್ಬೇಕು ಅಂತ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತೆ, ಖಾಯಂ ಬದಲಾವಣೆ ಮಾಡಿಸೋದಾದ್ರೆ ಮೊದ್ಲು ಆರ್‌ಟಿಓ ಒಪ್ಪಿಗೆ, ಆಮೇಲೆ ಬಡಗಿ. ಓಮ್ನಿ ಇಂಜಿನ್ ಮುಂದಿನ ಸೀಟಿನ ಕೆಳಗೇ ಇರೋದು, ಮಧ್ಯಾಹ್ನ ಓಡ್ಸಿದ್ರೆ ಕೂತಿರೋರು ಬೆಂದೋಗ್ತೀರ, ಅದಕ್ಕೆ ಬೆಳಿಗ್ಗೆ ಹತ್ತರೊಳಗೆ ಓಡಾಟ ಮುಗಿಸಿ. 796 ಸಿಸಿ ಇಂಜಿನ್ನಿಗೆ ಮಂಚ, ನೀರಿನ ಕ್ಯಾನು, ಪಾತ್ರೆ ಎಲ್ಲಾ ಹೇರಿ ಘಾಟಿ ಹತ್ತಿಸ್ಬೇಡಿ, ಒಂದು ಲೀಟರ್ ನೀರು ಒಂದು ಕೆಜಿ. ನಿಮ್ಮ ಕಡೆನೇ ಮುಳಬಾಗಿಲು, ಆವಣಿ, ಕುರುಡುಮಲೆ ಒಂದು ಸುತ್ತು ಹಾಕಿ, ಮುಳಬಾಗಿಲಲ್ಲಿ ದೋಸೆ ತಿಂದು, ಆವಣಿ ಬೆಟ್ಟದ ಕೆಳಗೆ ಸಂಜೆ ಕಳೆದು ರಾತ್ರಿ ಮನೆಗೆ ಬಂದು ಮಲಗಿದ್ರೂ ಯಾರೂ ಕೇಳಲ್ಲ.

ಪ್ರಶ್ನೆ: ಚಿಕ್ಕಬಳ್ಳಾಪುರದಿಂದ. ಹೊಸದಾಗಿ ಮದ್ವೆ ಆಗಿದೆ, ಕೂಡು ಕುಟುಂಬ. ಫ್ರೆಂಡ್ ವ್ಯಾನ್ ಕೊಡ್ತಾನೆ, ಒಂದು ರಾತ್ರಿ ನಂದಿ ಬೆಟ್ಟದ ಮೇಲೆ ನಿಲ್ಸೋಕಾಗುತ್ತಾ? ಮನೇಲಿ ಏನು ಹೇಳ್ಲಿ?

ಉತ್ತರ: ನಂದಿ ಮೇಲೆ ವ್ಯಾನ್ ನಿಲ್ಸಿ ಮಲಗೋ ಪ್ಲ್ಯಾನ್ ಬಿಡಪ್ಪ, ಆ ತಿರುವುಗಳಲ್ಲಿ ಭಾನುವಾರ ಬೆಳಿಗ್ಗೆ ಸಿಕ್ಕಾಕ್ಕೊಂಡ್ರೆ ಹೆಂಡ್ತಿ ಜೊತೆ ಮೊದಲ್ನೇ ಜಗಳ ಅಲ್ಲೇ ಆಗೋದು. ಗುಡಿಬಂಡೆ ಕಡೆ ಹೋಗು, ಬೈರಸಾಗರ ಕೆರೆ ಮೇಲೆ ಸೂರ್ಯ ಇಳಿಯೋದು ನೋಡಿ, ಬೆಳಿಗ್ಗೆ ಕೋಟೆ ಹತ್ತಿ, ರಾತ್ರಿಗೆ ಯಾವ್ದಾದ್ರೂ ತೋಟದ ಮನೆಯೋರನ್ನ ಮೊದ್ಲೇ ಕೇಳಿಟ್ಕೊಂಡಿರು. ಕಿಟಕಿಗೆಲ್ಲಾ ದಪ್ಪ ಪರದೆ, ಇಬ್ರ ಆಧಾರೂ ಜೇಬಲ್ಲಿ, ಬೀಟ್ ಪೊಲೀಸರು ಬಾಗ್ಲು ತಟ್ಟಿದ್ರೆ ಗಾಬರಿ ಇಲ್ದೆ ತೋರ್ಸು. ಮನೇಲಿ ನಿಜಾನೇ ಹೇಳು, ಇಲ್ಲಾಂದ್ರೆ ಗುಡಿಬಂಡೆಲಿ ನಿಮ್ಮ ಚಿಕ್ಕಪ್ಪನ ಕಡೆಯೋರು ಯಾರಾದ್ರೂ ಸಿಕ್ಕೇ ಸಿಗ್ತಾರೆ.