ವಿನೆಗರ್, ಸೋಡಾ ಬೆರೆಸಿಟ್ಟರೂ ಕೊಳೆ ಯಾಕೆ ಹೋಗುತ್ತಿಲ್ಲ?

ವಿನೆಗರ್‌ಗೆ ಅಡುಗೆ ಸೋಡಾ ಬೆರೆಸಿ ಬಾಟಲಿಯಲ್ಲಿ ತುಂಬಿಟ್ಟಿದ್ದೀರಿ. ಒಲೆಯ ಜಿಡ್ಡೂ ಹೋಗಲಿಲ್ಲ, ನಲ್ಲಿಯ ಬಿಳಿ ಕಲೆಯೂ ಹೋಗಲಿಲ್ಲ. ಹಾಗಾದರೆ ಕಡಿಮೆ ಖರ್ಚಿನಲ್ಲಿ ಮನೆಯಲ್ಲೇ ಕ್ಲೀನರ್ ಮಾಡಿಕೊಳ್ಳಬಹುದು ಅನ್ನುವುದೇ ಸುಳ್ಳಾ ಅಂತ ಕೇಳಿದ್ದೀರಿ. ಖಂಡಿತ ಸುಳ್ಳಲ್ಲ. ನೀವು ಬಳಸಿದ ಎರಡೂ ಒಳ್ಳೆಯ ಸಾಮಾನುಗಳೇ. ಒಟ್ಟಿಗೆ ಸೇರಿಸಿದ್ದೇ ತೊಂದರೆ.

ವಿನೆಗರ್ ಆಮ್ಲ, ಸೋಡಾ ಕ್ಷಾರ. ಎರಡೂ ಸೇರಿದರೆ ಒಂದರ ಶಕ್ತಿಯನ್ನು ಇನ್ನೊಂದು ತಿಂದುಹಾಕುತ್ತದೆ. ಬುಸ್ಸೆಂದು ಬರುವ ನೊರೆ ಬರೀ ಕಾರ್ಬನ್ ಡೈಆಕ್ಸೈಡ್. ಅದು ಇಳಿದ ಮೇಲೆ ಉಳಿಯುವುದು ಹೆಚ್ಚುಕಮ್ಮಿ ನೀರು, ಜೊತೆಗೆ ಸ್ವಲ್ಪ ಸೋಡಿಯಂ ಅಸಿಟೇಟ್ ಅನ್ನುವ ಲವಣ. ಅದರಿಂದ ಏನು ತೊಳೆಯಲು ಸಾಧ್ಯ ಹೇಳಿ?

ಅದಕ್ಕೇ ಮೊದಲು ಕೊಳೆ ಯಾವುದು ಅಂತ ನೋಡಬೇಕು. ನಲ್ಲಿಯ ಮೇಲಿನ ಬಿಳಿ ಕಲೆ ಗಡಸು ನೀರು ಬಿಟ್ಟುಹೋದ ಸುಣ್ಣ, ಅಂದರೆ ಹೆಚ್ಚಾಗಿ ಕ್ಯಾಲ್ಸಿಯಂ ಕಾರ್ಬೋನೇಟ್. ಇದಕ್ಕೆ ಹುಳಿಯೇ ಬೇಕು. ಹಳೆ ಬಟ್ಟೆಯನ್ನು ವಿನೆಗರ್‌ನಲ್ಲಿ ನೆನೆಸಿ ನಲ್ಲಿಗೆ ಸುತ್ತಿ, ಅರ್ಧ ಗಂಟೆ ಬಿಟ್ಟು ಉಜ್ಜಿ, ಚೆನ್ನಾಗಿ ನೀರು ಹಾಕಿ ತೊಳೆಯಿರಿ. ಕೆಟಲ್ ಒಳಗೆ ಕಟ್ಟಿದ ಸುಣ್ಣಕ್ಕೆ ನಾನು ಸಿಟ್ರಿಕ್ ಆಸಿಡ್ ಬಳಸುತ್ತೇನೆ. ಅರ್ಧ ಲೀಟರ್ ನೀರಿಗೆ ಒಂದು ಚಮಚ, ಬಿಸಿ ಮಾಡಿ 20 ನಿಮಿಷ ಬಿಟ್ಟರೆ ಸಾಕು. ವಿನೆಗರ್ ವಾಸನೆಯ ಕಾಟವೂ ಇಲ್ಲ.

ಒಲೆಯ ಜಿಡ್ಡು ಬೇರೆಯೇ ಕಥೆ. ಅದಕ್ಕೆ ಹುಳಿ ಹಾಕಿ ಪ್ರಯೋಜನವಿಲ್ಲ, ಕ್ಷಾರ ಬೇಕು. ಅಡುಗೆ ಸೋಡಾ ಮೆದು ಕ್ಷಾರ. ಮೂರು ಪಾಲು ಸೋಡಾಗೆ ಒಂದು ಪಾಲು ನೀರು ಕಲಸಿ ಹಚ್ಚಿದರೆ ಉಜ್ಜಲು ಚೆನ್ನಾಗಿರುತ್ತದೆ, ಅಷ್ಟೇ. ಹಳೆಯ, ಅಂಟಂಟು ಜಿಡ್ಡಿಗೆ ವಾಷಿಂಗ್ ಸೋಡಾನೇ ಸರಿ. ಒಂದು ಲೀಟರ್ ಬಿಸಿ ನೀರಿಗೆ ಒಂದು ದೊಡ್ಡ ಚಮಚ ಕರಗಿಸಿ, ಬಟ್ಟೆ ಅದ್ದಿ ಒರೆಸಿ, ಆಮೇಲೆ ಬರೀ ನೀರಿನಿಂದ ಇನ್ನೊಮ್ಮೆ ಒರೆಸಿ. ಕೈಗೆ ಗ್ಲೌಸ್ ಇರಲೇಬೇಕು. ಅಲ್ಯೂಮಿನಿಯಂ ಪಾತ್ರೆಗೆ ಮಾತ್ರ ತಾಗಿಸಬೇಡಿ, ಕಪ್ಪಾಗುತ್ತದೆ.

ಕಿಟಕಿ ಗಾಜಿಗೆ ಸಮಸಮ ವಿನೆಗರ್, ನೀರು. ದಿನದ ಒರೆಸುವ ಕೆಲಸಕ್ಕೆ ಸ್ಪ್ರೇ ಬಾಟಲಿ ತುಂಬ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಐದಾರು ಹನಿ. ಇದಕ್ಕಿಂತ ಅಗ್ಗದ್ದು ನನಗೆ ಸಿಕ್ಕಿಲ್ಲ. ಸೋಪನ್ನು ತುರಿದು ಕರಗಿಸಿ ಅದಕ್ಕೆ ವಿನೆಗರ್ ಹಾಕುವವರೂ ಇದ್ದಾರೆ. ದಯವಿಟ್ಟು ಬೇಡ. ಹುಳಿ ಬಿದ್ದರೆ ಸೋಪು ಒಡೆದು ಕೊಬ್ಬು ಬೇರೆಯಾಗುತ್ತದೆ, ನೆಲಕ್ಕೆ ಬಳಿದರೆ ಅಂಟು ಉಳಿಯುತ್ತದೆ.

ಮಾರ್ಬಲ್ ಮೇಲೆ ವಿನೆಗರ್ ಬೀಳದಂತೆ ನೋಡಿಕೊಳ್ಳಿ. ಮಾರ್ಬಲ್ ಅಂದರೆ ಅದೇ ಕ್ಯಾಲ್ಸಿಯಂ ಕಾರ್ಬೋನೇಟ್ ಅಲ್ವಾ, ಸುಣ್ಣವನ್ನು ಕರಗಿಸುವ ಹುಳಿ ಅದನ್ನೂ ತಿನ್ನುತ್ತದೆ. ನಮ್ಮ ಅಡುಗೆಮನೆ ಕಟ್ಟೆಯಲ್ಲಿ ನಾನು ಒರೆಸದೆ ಬಿಟ್ಟ ನಾಲ್ಕು ಹನಿಗಳ ಗುರುತು ಇನ್ನೂ ಮಂಕಾಗಿಯೇ ಇದೆ.

ಇನ್ನೊಂದನ್ನು ಒತ್ತಿ ಹೇಳಬೇಕು. ಬ್ಲೀಚ್‌ಗೆ ವಿನೆಗರ್ ಆಗಲಿ, ಬೇರೆ ಯಾವ ಹುಳಿಯಾಗಲಿ ಸೇರಬಾರದು. ಕ್ಲೋರಿನ್ ಅನಿಲ ಬರುತ್ತದೆ, ಮುಚ್ಚಿದ ಬಚ್ಚಲುಮನೆಯಲ್ಲಿ ಅದು ಜೀವಕ್ಕೇ ಅಪಾಯ. ಬ್ಲೀಚ್‌ಗೆ ಅಮೋನಿಯಾ ಸೇರಿದರೂ ವಿಷಗಾಳಿಯೇ. ಹಾಗಾಗಿ ನೀವು ತುಂಬಿಸಿಡುವ ಪ್ರತಿ ಬಾಟಲಿಯ ಮೇಲೂ ಒಳಗೇನಿದೆ ಅಂತ ಬರೆದು ಅಂಟಿಸಿ, ಮಕ್ಕಳ ಕೈಗೆ ಸಿಗದ ಕಡೆ ಇಡಿ. ಮನೆಯಲ್ಲಿ ಯಾರಿಗಾದರೂ ವಾಂತಿ ಭೇದಿ ಆಗಿದ್ದರೆ ವಿನೆಗರ್ ನಂಬಿ ಕೂರಬೇಡಿ. ಆಗ ಅಂಗಡಿಯ ಸೋಂಕುನಾಶಕವನ್ನೇ ತಂದು, ಅದರ ಮೇಲೆ ಬರೆದಿರುವಂತೆ ಬಳಸಿ.

ನೀವು ಬೆರೆಸಿಟ್ಟಿರುವ ಬಾಟಲಿಯ ಮುಚ್ಚಳವನ್ನು ಇವತ್ತೇ ನಿಧಾನವಾಗಿ ಸಡಿಲಿಸಿ, ಸಿಂಕಿಗೆ ಸುರಿದುಬಿಡಿ. ಒಳಗೆ ಅನಿಲ ತುಂಬಿದ್ದರೆ ಬಾಟಲಿ ಸಿಡಿಯಬಹುದು. ನಿಮ್ಮ ಒಲೆಯ ಮೇಲ್ಭಾಗ ಸ್ಟೀಲಾ, ಗಾಜಾ ಅಂತ ತಿಳಿಸಿ, ಅದಕ್ಕೆ ಹೊಂದುವ ಅಳತೆ ಹೇಳುತ್ತೇನೆ.