ದಾವಾ ಹೂಡಿದವಳ ತಲೆ ತಗ್ಗಿಸಬೇಡಿ

ನಮಸ್ಕಾರ.

ನಿಮ್ಮ ‘ಮೂಲೆಕೋಣೆಯ ದೊಡ್ಡಮ್ಮ’ ಲೇಖನ ತಲುಪಿತು. ಭಾಷೆ ಶುದ್ಧವಾಗಿದೆ, ಅಡಿಕೆಯ ಕೊನೆಕೊಯ್ಲಿನ ದಿನಗಳ ವರ್ಣನೆ ಚೆನ್ನಾಗಿದೆ, ಅಟ್ಟದ ಪೆಟ್ಟಿಗೆ ಇಳಿಸಿ ಹಳೆಯ ಕಾಗದಗಳನ್ನು ಓದುವ ತಾಳ್ಮೆ ನಿಮಗಿದೆ. ಆದರೆ ಎರಡು ದಿನದಿಂದ ಈ ಬರಹ ನನ್ನನ್ನು ಕಾಡುತ್ತಿದೆ, ಸಿಟ್ಟೂ ಬರಿಸಿದೆ. ಯಾಕೆಂದು ಹೇಳುತ್ತೇನೆ.

ಸೋಂದಾ ಕಡೆಯ ತೋಟದ ಮನೆ. ನಿಮ್ಮ ಅಜ್ಜನ ದೊಡ್ಡಮ್ಮ, ಮಕ್ಕಳಿಲ್ಲದೆ ಗಂಡನನ್ನು ಕಳೆದುಕೊಂಡಾಕೆ. ಮೂರನೆಯ ಪುಟದಲ್ಲಿ ಬರೆಯುತ್ತೀರಿ: ‘ಕತ್ತಲ ಕೋಣೆಯಲ್ಲಿ ಅವಳ ಕಣ್ಣೀರು ಮಳೆಗಾಲದ ಹಳ್ಳದಂತೆ ಹರಿಯಿತು. ಮೈದುನ ಹಾಕಿದ ಅನ್ನವನ್ನು ತಲೆ ತಗ್ಗಿಸಿ ಉಂಡಳು.’ ಅದೇ ಪುಟದ ಬುಡದಲ್ಲಿ, ಒಂದೇ ವಾಕ್ಯ: ‘1911ರ ರಾಜಿಪತ್ರದಂತೆ ಅವಳಿಗೆ ವರ್ಷಾವಧಿ ಅಕ್ಕಿ, ಎರಡು ಸೀರೆ, ಮೂಲೆಕೋಣೆ ಗೊತ್ತಾದವು.’

ರಾಜಿ ಆಗಬೇಕಾದರೆ ಮೊದಲು ವ್ಯಾಜ್ಯ ಇರಬೇಕಲ್ಲವೆ? ನೀವು ಜೊತೆಗಿಟ್ಟ ನಕಲನ್ನು ನಾನು ಓದಿದೆ. ನಾಲ್ಕನೆಯ ಸಾಲಿನಲ್ಲಿಯೇ ಇದೆ: ಅನ್ನವಸ್ತ್ರದ ಬಾಬ್ತು ಶಿರಸಿಯ ಕೋರ್ಟಿನಲ್ಲಿ ಆಕೆ ದಾವಾ ಹೂಡಿದ್ದರು. ಗಂಡನ ಮನೆಯವರ ಮೇಲೆ! ಅವಿಭಕ್ತ ಕುಟುಂಬದ ವಿಧವೆಗೆ ಗಂಡನ ಪಾಲಿನಲ್ಲಿ ಸೀಮಿತ ಹಕ್ಕನ್ನಾದರೂ ಕೊಟ್ಟ ಕಾಯಿದೆ ಬಂದದ್ದು 1937ರಲ್ಲಿ. ಅದಕ್ಕಿಂತ 26 ವರ್ಷ ಮೊದಲು ಆಕೆಯ ಕೈಯಲ್ಲಿದ್ದದ್ದು ಹೊಟ್ಟೆಬಟ್ಟೆಯ ಹಕ್ಕೊಂದೇ. ಅದನ್ನೇ ಹಿಡಿದು ಕೋರ್ಟಿನ ಮೆಟ್ಟಿಲು ಹತ್ತಿದ ಹೆಂಗಸು ತಲೆ ತಗ್ಗಿಸಿ ಉಂಡಳೆಂದು ನಿಮಗೆ ಹೇಳಿದವರು ಯಾರು? ಆ ಅನ್ನವನ್ನು ಮೈದುನ ಹಾಕಲಿಲ್ಲ, ಆಕೆ ಬರೆಸಿಕೊಂಡರು. ಕಣ್ಣೀರು ಹರಿದಿರಬಹುದು, ಹರಿಯದೆಯೂ ಇರಬಹುದು. ಕಾಗದದಲ್ಲಿ ಅದಿಲ್ಲ. ಸೋಂದೆಯಿಂದ ಶಿರಸಿಗೆ ಆಕೆ ಹೇಗೆ ಹೋದರು, ವಕೀಲರಿಗೆ ದುಡ್ಡು ಎಲ್ಲಿಂದ ಬಂತು, ದಾವಾ ನಡೆಯುವಷ್ಟು ದಿನ ಯಾರ ಮನೆಯ ಒಲೆಯಲ್ಲಿ ಬೇಯಿಸಿಕೊಂಡರು ಎಂದು ಕೇಳುವ ಮನಸ್ಸೇ ನಿಮಗೆ ಆಗಲಿಲ್ಲ.

ಕಾರಣವನ್ನು ಊಹಿಸಬಲ್ಲೆ. ಪ್ರತಿವಾದಿ ನಿಮ್ಮ ಮುತ್ತಜ್ಜ. ದೊಡ್ಡಮ್ಮನಿಗಾಗಿ ಅತ್ತರೆ ಮನೆಯಲ್ಲಿ ಯಾರೂ ಬೇಸರಿಸುವುದಿಲ್ಲ. ದಾವಾದ ಮಾತೆತ್ತಿದರೆ ಬೇಸರಿಸುತ್ತಾರೆ. ಆದರೂ ಎತ್ತಬೇಕು.

ಇನ್ನು ಹೆಸರು. ಎಂಟು ಪುಟಗಳಲ್ಲಿ ‘ಆ ತಾಯಿ’, ‘ಆ ಜೀವ’, ‘ದೊಡ್ಡಮ್ಮ’. ಪತ್ರದಲ್ಲಿ ಆಕೆಯ ಹೆಸರಿದೆ, ಅದರ ಮುಂದೆ ‘ಕೋಂ’, ಅಂದರೆ ಇಂಥವರ ಹೆಂಡತಿ ಎಂದು, ಆಮೇಲೆ ಗಂಡನ ಹೆಸರು. ನಾನು ಅದನ್ನು ಇಲ್ಲಿ ಬರೆಯುವುದಿಲ್ಲ, ಮೊದಲು ಬರೆಯಬೇಕಾದವರು ನೀವು. ಜಾತಕದಲ್ಲಿ ಬೇರೆ ಹೆಸರಿದೆ ಎಂದು ಆವರಣದಲ್ಲಿ ಹೇಳಿ ದಾಟಿಬಿಟ್ಟಿದ್ದೀರಿ. ದಾಟುವ ಜಾಗವೇ ಅದು? ಮದುವೆಯಲ್ಲಿ ಹೆಸರು ಬದಲಿಸಿದ್ದರೆ ಇಬ್ಬರೂ ಒಬ್ಬರೇ. ಗಂಡನಿಗೆ ಇಬ್ಬರು ಹೆಂಡಿರಿದ್ದರೆ ನೀವು ಎರಡು ಬಾಳನ್ನು ಒಂದು ಮಾಡಿದ್ದೀರಿ. ಜಾತಕದಲ್ಲಿರುವುದು ‘ವ್ಯಯ ಸಂವತ್ಸರ’ ಮಾತ್ರ. ಸಂವತ್ಸರಗಳು 60 ವರ್ಷಕ್ಕೊಮ್ಮೆ ಮರಳುತ್ತವೆ. 1826ರಲ್ಲಿ ಹುಟ್ಟಿದವರಾಗಿದ್ದರೆ ದಾವಾ ಕಾಲಕ್ಕೆ 85 ಆಗುತ್ತಿತ್ತು, ಹಾಗಾಗಿ ನೀವು 1886 ಎಂದದ್ದು ಸರಿ. ಆದರೆ ಆ ಲೆಕ್ಕದಲ್ಲಿ 1911ಕ್ಕೆ 25 ಆಗಬೇಕು, ಪತ್ರದಲ್ಲಿ ‘ವಯಸ್ಸು ಸುಮಾರು 30’ ಎಂದಿದೆ. ಕಾರಕೂನ ಅಂದಾಜಿಗೆ ಬರೆದದ್ದೂ ಇರಬಹುದು. ಪುರೋಹಿತರ ಮನೆಯಲ್ಲಿ ವಿಚಾರಿಸಿ. ಮಹಾಲಯದಲ್ಲಿ ಮಲತಾಯಂದಿರನ್ನೂ ಮಕ್ಕಳಿಲ್ಲದ ದೊಡ್ಡಮ್ಮಂದಿರನ್ನೂ ಹೆಸರು ಹಿಡಿದು ನೆನೆಯುತ್ತಾರೆ. ಹಳೆಯ ಪಟ್ಟಿ ಉಳಿದಿದ್ದರೆ ಒಂದು ಹೆಸರೋ ಎರಡೋ ತಿಳಿಯುತ್ತದೆ.

ಹತ್ತೊಂಬತ್ತರ ವಯಸ್ಸಿನಲ್ಲಿ ಕುಮಟೆಯ ಪತ್ರಬರಹಗಾರರೊಬ್ಬರ ಬಳಿ ನಾನು ನಕಲು ಮಾಡಲು ಕೂತಿದ್ದೆ. ಒಂದು ಕ್ರಯಪತ್ರದಲ್ಲಿ ಹೆಂಗಸೊಬ್ಬಳ ಹೆಸರು ಮೇಲೊಂದು ಬಗೆ, ಕೆಳಗೊಂದು ಬಗೆ ಇತ್ತು. ತಪ್ಪೆಂದುಕೊಂಡು ಎರಡನ್ನೂ ಒಂದೇ ಮಾಡಿದೆ. ಅವರು ಬೈಯಲಿಲ್ಲ. ಹಾಳೆಯನ್ನು ಹರಿದು ಹೊಸ ಹಾಳೆ ಕೊಟ್ಟರು, ‘ಇದ್ದದ್ದನ್ನು ಇದ್ದ ಹಾಗೆ ಇಳಿಸು’ ಎಂದರು. ಸಂಜೆಯವರೆಗೆ ಮೂರು ಸಲ ಬರೆದೆ, ಏಕೆಂದರೆ ಕೈ ತಾನಾಗಿಯೇ ತಿದ್ದುತ್ತಿತ್ತು. ಆಮೇಲೆ ತಿಳಿಯಿತು, ಅವರು ತಾಯಿ ಮಗಳು. ನಾನು ತಿದ್ದಿದ ಪ್ರತಿ ಉಳಿದಿದ್ದರೆ ಆ ಮಗಳು ಕಾಗದದಲ್ಲಿ ಇಲ್ಲವಾಗುತ್ತಿದ್ದಳು. ನಿಮ್ಮ ಜಾತಕವನ್ನೂ ಪತ್ರವನ್ನೂ ಪಕ್ಕಪಕ್ಕದಲ್ಲಿಟ್ಟಾಗ ನನಗೆ ಆ ಹರಿದ ಹಾಳೆಯೇ ನೆನಪಾಯಿತು.

ಲೇಖನದ ಉಳಿದ ಭಾಗದ ಬಗ್ಗೆ ಈಗ ಏನೂ ಹೇಳುವುದಿಲ್ಲ, ತಿದ್ದಿ ಬಂದಾಗ ನೋಡೋಣ. ರಾಜಿಪತ್ರವನ್ನು ಪೂರ್ತಿಯಾಗಿ, ಆಕೆಯ ಹೆಬ್ಬೆಟ್ಟಿನ ಗುರುತಿನವರೆಗೆ, ಲೇಖನದೊಳಗೆ ಸೇರಿಸಿ. ಆ ಗುರುತಿನ ಕೆಳಗೆ ಸಾಕ್ಷಿ ಹಾಕಿದ ಇಬ್ಬರಲ್ಲಿ ಒಬ್ಬರ ಊರು ಯಲ್ಲಾಪುರ ತಾಲೂಕಿನದು. ಅಷ್ಟು ದೂರದಿಂದ ಬಂದು ಆಕೆಯ ಪರವಾಗಿ ನಿಂತವರು ತವರಿನವರೇ ಇರಬೇಕೆಂದು ನನ್ನ ಊಹೆ. ಮಳೆ ಹಿಡಿಯುವ ಮೊದಲು ಒಮ್ಮೆ ಆ ಊರಿಗೆ ಹೋಗಿ ಬನ್ನಿ, ಆಕೆಯ ಎರಡೂ ಹೆಸರುಗಳನ್ನು ಅಲ್ಲಿ ಹೇಳಿ ಕೇಳಿ.