ಸಕ್ಕರೆ ಕಾಯಿಲೆಯವರ ರಾತ್ರಿಯೂಟಕ್ಕೆ ಬಿಳಿ ಬ್ರೆಡ್ಡು ಆದೀತೆ?

ಸಕ್ಕರೆ ಕಾಯಿಲೆಯಿರುವ ನಿಮ್ಮ ತಂದೆಯವರು ರಾತ್ರಿ ಮುದ್ದೆ ಅರಗುವುದಿಲ್ಲವೆಂದು ನಾಲ್ಕು ಹೋಳು ಬಿಳಿ ಬ್ರೆಡ್ಡನ್ನು ಹಾಲಿನಲ್ಲಿ ಅದ್ದಿ ತಿಂದು ಮಲಗುತ್ತಾರೆ, ಇದು ಸರಿಯೇ, ಅಥವಾ ಬ್ರೌನ್ ಬ್ರೆಡ್ಡು ತಂದುಕೊಡಬೇಕೇ ಎಂದು ಕೇಳಿದ್ದೀರಿ. ಕೋಲಾರದಲ್ಲಿ ಪಥ್ಯಾಹಾರದ ಸಲಹೆ ನೀಡುವ ಕೆಲಸ ಮಾಡುವ ನನ್ನ ಬಳಿ ಇದೇ ಪ್ರಶ್ನೆಯನ್ನು ಹಿಡಿದು ಬರುವ ಮನೆಗಳು ಬಹಳ. ಬ್ರೆಡ್ಡು ವಿಷವೇನೂ ಅಲ್ಲ. ಆದರೆ ದಿನದಿನದ ಊಟಕ್ಕೆ ಬದಲಾಗಿ ತಿನ್ನುವಷ್ಟು ಸತ್ವ ಅದರಲ್ಲಿಲ್ಲ, ಸಕ್ಕರೆ ಕಾಯಿಲೆಯವರಿಗಂತೂ ಅದು ಲಘು ಆಹಾರವೇ ಅಲ್ಲ.

ಜ್ವರ ಬಂದವರಿಗೆ ಹಾಲು ಬ್ರೆಡ್ಡು ಕೊಡುವುದು, ಆಸ್ಪತ್ರೆಯಲ್ಲಿರುವ ನೆಂಟರನ್ನು ನೋಡಲು ಹೋಗುವಾಗ ಬ್ರೆಡ್ಡು ಒಯ್ಯುವುದು ನಮ್ಮ ಕಡೆಯ ಹಳೆಯ ರೂಢಿ. ಅದರಲ್ಲಿ ತಪ್ಪಿಲ್ಲ. ನಾರಿನಂಶ ಕಡಿಮೆಯಿರುವುದರಿಂದ ಭೇದಿಯಾಗಿ ಬಳಲಿದವರಿಗೂ ಕರುಳಿನ ಪರೀಕ್ಷೆಗೆ ಸಿದ್ಧರಾಗುತ್ತಿರುವವರಿಗೂ ಅದು ಒಗ್ಗುತ್ತದೆ. ಎರಡು ದಿನದ ಆ ಪಥ್ಯವನ್ನೇ ವರ್ಷಗಟ್ಟಲೆ ಮುಂದುವರಿಸಿದಾಗ ತೊಂದರೆ ಶುರುವಾಗುತ್ತದೆ.

ಗೋಧಿಯನ್ನು ಮೈದಾ ಮಾಡುವಾಗ ಕಾಳಿನ ಹೊರಗಿನ ಹೊಟ್ಟು ಮತ್ತು ಮೊಳಕೆಯ ಭಾಗ ಬೇರೆಯಾಗಿ, ನಡುವಿನ ಪಿಷ್ಟ ಮಾತ್ರ ಉಳಿಯುತ್ತದೆ. ನಾರು, ಕಬ್ಬಿಣ, ಮೆಗ್ನೀಸಿಯಂ, ಬಿ ಗುಂಪಿನ ಜೀವಸತ್ವಗಳ ಬಹುಪಾಲು ಇರುವುದು ತೆಗೆದುಹಾಕಿದ ಭಾಗದಲ್ಲಿಯೇ. ಆ ಹೊಟ್ಟನ್ನೇ ನಾವು ಬೂಸಾ ಎಂದು ಮೂಟೆಗಟ್ಟಲೆ ತಂದು ಹಸುಗಳಿಗೆ ಇಡುತ್ತೇವೆ. ಬ್ರಿಟನ್ನಿನಲ್ಲಿ ಬಿಳಿ ಹಿಟ್ಟಿಗೆ ಕಬ್ಬಿಣ, ಕ್ಯಾಲ್ಸಿಯಂ ಮತ್ತು ಕೆಲವು ಬಿ ಜೀವಸತ್ವಗಳನ್ನು ಮರಳಿ ಸೇರಿಸುವುದು ಕಡ್ಡಾಯ. ನಮ್ಮ ದೇಶದಲ್ಲಿ ಅದು ತಯಾರಕರ ಇಚ್ಛೆಗೆ ಬಿಟ್ಟದ್ದು.

ನಾಲ್ಕು ಹೋಳೆಂದರೆ ಸುಮಾರು 100ರಿಂದ 120 ಗ್ರಾಂ. ಅದರಲ್ಲಿ 50ರಿಂದ 60 ಗ್ರಾಂ ಪಿಷ್ಟ, ಮೂರು ಗ್ರಾಂನಷ್ಟು ನಾರು ಮತ್ತು ಒಂದು ಗ್ರಾಂಗೂ ಮಿಕ್ಕಿದ ಉಪ್ಪು ಇರುತ್ತದೆ. ದಿನಕ್ಕೆ ಐದು ಗ್ರಾಂ ಉಪ್ಪು ದಾಟಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದನ್ನು ನೆನೆದರೆ, ರಕ್ತದೊತ್ತಡವೂ ಇರುವವರಿಗೆ ಇದು ಕಡಿಮೆಯೇನಲ್ಲ. ನಾರಿನ ತಡೆಯಿಲ್ಲದ ಪಿಷ್ಟ ಬೇಗನೆ ಸಕ್ಕರೆಯಾಗಿ ರಕ್ತ ಸೇರುತ್ತದೆ.

ಹಾಗೆಂದು ಮುದ್ದೆಯಲ್ಲಿ ಪಿಷ್ಟ ಕಡಿಮೆಯೆಂದು ನಾನು ಹೇಳುವುದಿಲ್ಲ. ನೂರು ಗ್ರಾಂ ರಾಗಿ ಹಿಟ್ಟಿನ ಮುದ್ದೆಯಲ್ಲಿ ಸುಮಾರು 70 ಗ್ರಾಂ ಪಿಷ್ಟವಿದೆ, ಆದರೆ ಜೊತೆಗೆ ಹತ್ತು ಗ್ರಾಂಗೂ ಹೆಚ್ಚು ನಾರು, 350 ಮಿಲಿಗ್ರಾಂನಷ್ಟು ಕ್ಯಾಲ್ಸಿಯಂ ಇದೆ. ಅಷ್ಟೇ ಮೈದಾದಲ್ಲಿ ಕ್ಯಾಲ್ಸಿಯಂ 20 ಮಿಲಿಗ್ರಾಂ ಆಸುಪಾಸು. ಆದ್ದರಿಂದ ರಾತ್ರಿ ಅರ್ಧ ಮುದ್ದೆ ಸಾಕು, ಅದರೊಂದಿಗೆ ಹುರುಳಿಕಾಳಿನ ಸಾರನ್ನೋ ಸೊಪ್ಪಿನ ಮಸ್ಸೊಪ್ಪನ್ನೋ ಧಾರಾಳವಾಗಿ ಬಡಿಸಿ. ಮಲಗುವ ಎರಡು ಗಂಟೆ ಮೊದಲೇ ಉಂಡರೆ ಹೊಟ್ಟೆ ಭಾರವೆನ್ನುವ ದೂರೂ ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ರಾಗಿ ಗಂಜಿ ಒಳ್ಳೆಯದೆಂದು ದೊಡ್ಡ ಲೋಟದಲ್ಲಿ ಕೊಡಬೇಡಿ, ತೆಳ್ಳಗಾದಷ್ಟೂ ಅದು ಸಕ್ಕರೆಯನ್ನು ಬೇಗ ಏರಿಸುತ್ತದೆ.

ಬ್ರೌನ್ ಬ್ರೆಡ್ಡಿನ ವಿಷಯದಲ್ಲಿ ಬಣ್ಣವನ್ನು ನಂಬದೆ ಪೊಟ್ಟಣದ ಹಿಂಭಾಗವನ್ನು ಓದಿ. ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಮುದ್ರಿಸಿರುತ್ತಾರೆ. ಮೊದಲ ಹೆಸರು ಮೈದಾ ಅಥವಾ ಸಂಸ್ಕರಿಸಿದ ಗೋಧಿ ಹಿಟ್ಟು ಎಂದಿದ್ದು, ಕೊನೆಯಲ್ಲಿ ಕ್ಯಾರಮೆಲ್ ಬಣ್ಣವೋ 150ರಿಂದ ಶುರುವಾಗುವ ಸಂಖ್ಯೆಯೋ ಕಂಡರೆ, ಅದು ಬಣ್ಣ ಕಟ್ಟಿದ ಬಿಳಿ ಬ್ರೆಡ್ಡೇ. ಇಡೀ ಗೋಧಿ ಹಿಟ್ಟು ಮೊದಲಿಗಿದ್ದರೆ ತನ್ನಿ. ಎರಡು ಹೋಳಿಗೆ ಮೊಟ್ಟೆಯನ್ನೋ ಬೇಯಿಸಿದ ಕಾಳನ್ನೋ ಜೊತೆಮಾಡಿ, ವಾರಕ್ಕೊಮ್ಮೆ ಇಮ್ಮೆ ತಿನ್ನಲಿ.

ತಂದೆಯವರು ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಊಟ ಬದಲಿಸುವ ಮೊದಲು ವೈದ್ಯರಿಗೆ ತಿಳಿಸಿ, ಏಕೆಂದರೆ ಪಿಷ್ಟ ಕಡಿಮೆಯಾದ ರಾತ್ರಿ ಹಳೆಯ ಪ್ರಮಾಣದ ಔಷಧಿಯೇ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸಬಹುದು. ಮೂತ್ರಪಿಂಡದ ತೊಂದರೆಯಿದ್ದರೆ ಈ ಲೆಕ್ಕವೇ ಬೇರೆಯಾಗುತ್ತದೆ, ಅದನ್ನೂ ಅವರಲ್ಲಿ ಮರೆಯದೆ ಕೇಳಿ.